ಊರು ಬಿಟ್ಟವರನ್ನಲ್ಲ, ಉಳಿದವರನ್ನ ಹುಡುಕಿ

ಕೆನಡಾದ ಕುಟುಂಬವೊಂದು ಸ್ಕಾಟ್ಲೆಂಡಿನ ಸದರ್ಲ್ಯಾಂಡ್ ಕಡೆ ತಮ್ಮ ಮುತ್ತಜ್ಜನ ಊರು ಹುಡುಕ್ಕೊಂಡು ಹೋಗಿ ಬರಿಗೈಲಿ ವಾಪಸ್ ಬಂದಿದ್ದು ಓದಿ ತುಂಬಾ ಬೇಜಾರಾಯ್ತು. ಅದೇ ಸದರ್ಲ್ಯಾಂಡಿನ ಕಿಲ್ಡೋನನ್ ಕಣಿವೆಯಿಂದ 1813ರಲ್ಲಿ ಕುರಿ ಸಾಕಣೆಗೋಸ್ಕರ ಜಮೀನ್ದಾರರು ಜನರನ್ನ ಒಕ್ಕಲೆಬ್ಬಿಸಿದ್ರು, ಅವರಲ್ಲಿ ಒಂದಷ್ಟು ಜನ ಹಡಗು ಹತ್ತಿ ಕೆನಡಾದ ರೆಡ್ ರಿವರ್‌ ನದಿ ದಡಕ್ಕೆ ಹೋದ್ರು, ಅಲ್ಲಿನ ನಗರ ವಿನಿಪೆಗ್‌ನಲ್ಲಿ ಇವತ್ತಿಗೂ ಕಿಲ್ಡೋನನ್ ಅಂತ ಏರಿಯಾ ಇದೆ.

ದಯವಿಟ್ಟು ಆ ಕುಟುಂಬದವರು ಹುಡುಕಾಟ ಇಲ್ಲಿಗೇ ಬಿಡಬಾರ್ದು. ಸ್ಕಾಟ್ಲೆಂಡಲ್ಲಿ ಸರ್ಕಾರಿ ಜನನ-ಮರಣ ನೋಂದಣಿ ಶುರುವಾಗಿದ್ದೇ 1855ರಲ್ಲಿ, ಅದಕ್ಕೂ ಮುಂಚಿನದ್ದಕ್ಕೆ ಚರ್ಚ್ ರಿಜಿಸ್ಟರೇ ಗತಿ, ಅದ್ರಲ್ಲೂ ಎಷ್ಟೋ ಹೆಸರು ಇರಲ್ಲ. ಅದಕ್ಕೇ ಹಡಗು ಹತ್ತಿದ ಅಜ್ಜನ ಬದಲು ಅಲ್ಲೇ ಉಳಿದ ಅವನ ತಮ್ಮನೋ ತಂಗಿನೋ ಯಾರಾದ್ರೂ 1855ರ ನಂತರ ತೀರ್ಕೊಂಡಿದ್ರೆ ಅವರ ಮರಣ ಪತ್ರ ತೆಗೆಸಿ ನೋಡಿ, ಅದ್ರಲ್ಲಿ ಅಪ್ಪನ ಹೆಸರು, ಅಮ್ಮನ ತವರುಮನೆ ಹೆಸರು ಎರಡನ್ನೂ ಕೇಳಿ ಬರ್ಕೊಳ್ತಿದ್ರು. 1855ರ ಒಂದೇ ವರ್ಷದ ಪತ್ರದಲ್ಲಂತೂ ಸತ್ತವರು ಹುಟ್ಟಿದ ಊರು, ಮಕ್ಕಳ ಹೆಸರು, ವಯಸ್ಸು ಕೂಡ ಇರುತ್ತೆ! ಸ್ಮಶಾನದ ಕಲ್ಲುಗಳನ್ನೂ ನಿಧಾನಕ್ಕೆ ಓದಿ, ಹೆಂಡತಿಗೆ ಅಲ್ಲಿ ಸಾಮಾನ್ಯವಾಗಿ ತವರಿನ ಹೆಸರೇ ಕೆತ್ತಿರ್ತಾರೆ. ಇನ್ನೊಂದು, ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡೋದು ಆಗ ಸ್ಕಾಟ್ಲೆಂಡ್ ಕಡೆ ರೂಢಿಯಾಗಿತ್ತು, ಎಲ್ರೂ ಪಾಲಿಸ್ತಿರ್ಲಿಲ್ಲ, ಆದ್ರೂ ಅದೊಂದು ಒಳ್ಳೆ ಸುಳಿವು.