ಒಂದು ಚಿರತೆ, ಮೂರು ಭಾಷೆ

ಬೆಳಗಾವಿಯಲ್ಲಿ ಮುಂಜಾನೆ ಒಂದು ಚಿರತೆ ಕಂಡರೆ ಸಂಜೆಗೆ ಮೂರಾಗುತ್ತವೆ. ಕನ್ನಡ ಗ್ರೂಪಿನಲ್ಲಿ ‘ಚಿರತೆ’, ಮರಾಠಿ ಗ್ರೂಪಿನಲ್ಲಿ ‘ಬಿಬಟ್ಯಾ’, ಹಿಂದಿ ಚಾನೆಲ್ ನೋಡುವವರ ಬಾಯಲ್ಲಿ ‘ಚೀತಾ’. ಮೂರೂ ಕಡೆ ಮೆಂಬರ್ ಆಗಿರುವ ಪುಣ್ಯಾತ್ಮ ಲೆಕ್ಕ ಕೂಡಿಸುತ್ತಾನೆ: ‘ಮೂರು ಬಂದಾವಂತ್ರೀ, ಹುಡುಗರನ್ನ ಹೊರಗ ಬಿಡಬ್ಯಾಡ್ರಿ.’

2022ರ ಆಗಸ್ಟ್‌ನಲ್ಲಿ ಗಾಲ್ಫ್ ಮೈದಾನದ ಸುತ್ತ ಅಡ್ಡಾಡಿದ್ದು ಖರೇ ಚಿರತೆ. ಶಾಲೆಗಳಿಗೆ ರಜೆ ಸಿಕ್ಕಿತು, ಹುಡುಕಲು ಸಕ್ರೆಬೈಲಿನ ಆನೆಗಳು ಬಂದವು. ಮರುತಿಂಗಳು 17ಕ್ಕೆ ನಮೀಬಿಯಾದ 8 ಚೀತಾಗಳು ಮಧ್ಯಪ್ರದೇಶದ ಕುನೋದಲ್ಲಿ ಇಳಿದವು. ಅಲ್ಲಿಂದಾಚೆ ಫಾರ್ವರ್ಡ್ ವೀರರಿಗೆ ಫೋಟೋ ಬರಗಾಲವಿಲ್ಲ. ಕುನೋದ ಚೀತಾ ನಮ್ಮ ಕಬ್ಬಿನ ಗದ್ದೆಯಲ್ಲಿ ಕೂತಿರುತ್ತದೆ. ಕೊರಳಲ್ಲಿ ರೇಡಿಯೊ ಕಾಲರ್ ಕಂಡರೆ ‘ಯಾರೋ ಸಾಕ್ಯಾರ್ರೀ’ ಎಂಬ ಉಪಸುದ್ದಿಯೂ ಹೊರಡುತ್ತದೆ.

ಫಾರ್ವರ್ಡ್ ಒತ್ತುವ ಬೆರಳಿನಿಂದಲೇ ಫೋಟೋ ಹಿಗ್ಗಿಸಿ, ಮೊದಲು ಮುಖ ನೋಡಿ. ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಕಾಡಿಗೆ ಇಳಿದಂತೆ ಕರಿ ಗೆರೆ ಇದ್ದರೆ ಅದು ಚೀತಾ, ಹಳೆಯವರ ಸಿವಂಗಿ. ಮುಖ ಕಾಣದಿದ್ದರೆ ಪಕ್ಕೆ. ಚೀತಾಕ್ಕೆ ಮಸಿ ಹಚ್ಚಿ ಬೆರಳೊತ್ತಿದಂಥ ತುಂಬು ಚುಕ್ಕೆ; ಚಿರತೆಗೆ ಎಸಳೊಡೆದ ಉಂಗುರ, ಒಳಗೆ ಸಾಮಾನ್ಯವಾಗಿ ಖಾಲಿ. ಜನ ಎಡವುವುದು ಇಲ್ಲೇ: ಚಿರತೆಯ ಕಾಲು, ತಲೆಯ ಮೇಲೂ ತುಂಬು ಚುಕ್ಕೆಗಳೇ. ಹಿಂಗಾಲಷ್ಟೇ ಬಿದ್ದ ಫೋಟೋ ಹಿಡಿದು ‘ಚೀತಾನೇ ಐತಿ’ ಎಂದು ಚಹಾದಂಗಡಿಯಲ್ಲಿ ಬಾಜಿ ಕಟ್ಟಬೇಡಿ.

ಮೊಸಳೆಯಂಥ ಪ್ರಾಣಿಯನ್ನು ನೀರಿನಿಂದ ಎಳೆದು ತರುವ ‘ಘಟಪ್ರಭಾ ಚಿರತೆ’ಯ ವಿಡಿಯೊ ಬಂದರೆ ಅದು ಜಾಗ್ವಾರ್, ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಅದಕ್ಕೆ ಕಾಡಿಲ್ಲ. ಉಂಗುರ ದೊಡ್ಡವು, ಎಣಿಕೆಗೆ ಕಡಿಮೆ, ಒಳಗೆ ಒಂದೆರಡು ಚುಕ್ಕೆ. ಎಲ್ಲ ಉಂಗುರಗಳಲ್ಲೂ ಚುಕ್ಕೆ ಇರುವುದಿಲ್ಲ, ಹಾಗಾಗಿ ಪಕ್ಕೆಯುದ್ದಕ್ಕೂ ಕಣ್ಣಾಡಿಸಬೇಕು. ದಪ್ಪ ತಲೆ, ಗಿಡ್ಡ ಕಾಲು, ಗಿಡ್ಡ ಬಾಲ. ಗರಡಿಮನೆಯ ಪೈಲ್ವಾನನ ಮೈಕಟ್ಟು.

ಸಿಸಿಟಿವಿಯದು ಬೇರೆ ಪುರಾಣ. ರಾತ್ರಿಯ ಚಿತ್ರದಲ್ಲಿ ಬಣ್ಣವಿಲ್ಲ, ಉಂಗುರಗಳು ಕಲಸಿ ಚುಕ್ಕೆಯಾಗುತ್ತವೆ. ಆಗ ಅಳತೆಯೇ ಗತಿ. ಚಿರತೆಯ ಭುಜದೆತ್ತರ ಸುಮಾರು 2 ಅಡಿ. ಅದು ನಡೆದ ಜಾಗದಲ್ಲೇ ಹಗಲು ಹೊತ್ತು ಸ್ಕೂಟಿ ನಿಲ್ಲಿಸಿ, ಅದೇ ಕ್ಯಾಮೆರಾದಲ್ಲಿ ಹೋಲಿಸಿ. ಬೆನ್ನು ಸೀಟಿನ ಸಮೀಪ ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಫುಟ್‌ಬೋರ್ಡಿಗೇ ಮುಗಿದರೆ ಹಾಲಿನ ಪಾತೇಲಿ ಮುಚ್ಚಿಡಿ. ಹೆಜ್ಜೆ ಗುರುತಿನ ಮುಂದೆ ಉಗುರು ಮೂಡಿದ್ದರೆ ನಾಯಿ. ಚೀತಾದ ಉಗುರೂ ಮೂಡುತ್ತವೆ, ಖರೆ. ಆದರೆ ಅದು ಕುನೋದಿಂದ ನಡೆದು ಬರಬೇಕಲ್ಲ!

ಇಷ್ಟರಲ್ಲೇ ಹೊಸ ಮೆಸೇಜು: ‘ಟಿಳಕವಾಡಿಗೆ ಕರೀದೂ ಬಂದೈತಂತ!’ ಕರಿ ಚಿರತೆ ಬೇರೆ ಜಾತಿಯಲ್ಲ, ಬಣ್ಣವಷ್ಟೇ ಕಪ್ಪು. ಓರೆ ಬೆಳಕಿನಲ್ಲಿ ಉಂಗುರಗಳು ಕಾಣುತ್ತವೆ. ದಾಂಡೇಲಿ ಕಾಡಿನಲ್ಲಿ ಇದೆ, ಬಂದರೂ ಬರಬಹುದು. ಫೋಟೋದ ಬ್ರೈಟ್‌ನೆಸ್ ಏರಿಸಿದರೆ ಉಂಗುರಗಳೇನೋ ಕಂಡವು. ದೊಡ್ಡ ದೊಡ್ಡವು. ಒಳಗೊಂದೊಂದು ಚುಕ್ಕೆ.