ಓಟಿಪಿ ಬಂತಾ ಅಜ್ಜಿ?

ಮತ್ತೊಂದು ಸಾಂಕ್ರಾಮಿಕ ಬಂದರೆ ಎಐ ನೋಡಿಕೊಳ್ಳುತ್ತೆ ಅಂತ ಮೊನ್ನೆ ಗೆಳೆಯರೊಬ್ಬರು ಇಲ್ಲೇ ಬರೆದಿದ್ದರು. ನೋಡಿಕೊಳ್ಳಲಿ, ಯಾರು ಬೇಡ ಅಂದ್ರು? ಆದರೆ ಹೋದ ಸಲ, ಕೊರೊನಾ ಕಾಲದಲ್ಲಿ, ಏನಾಯ್ತು ಅನ್ನೋದನ್ನ ಅಷ್ಟು ಬೇಗ ಮರೆಯೋದು ಬೇಡ.

2020ರ ಮಾರ್ಚ್ ಕೊನೆ. ಕ್ವಾರಂಟೈನ್ ವಾಚ್ ಅಂತ ರಾಜ್ಯ ಸರ್ಕಾರದ ಒಂದು ಆ್ಯಪ್ ಬಂತು. ಹೋಂ ಕ್ವಾರಂಟೈನ್‌ನಲ್ಲಿದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು, ಇರುವ ಜಾಗದ ಗುರುತಿನ ಸಮೇತ. ತಪ್ಪಿದರೆ ಸರ್ಕಾರಿ ಕ್ವಾರಂಟೈನ್. (ಮದುವೆ ಮನೇಲೂ ಅಷ್ಟು ಸೆಲ್ಫಿ ತೆಗೆಯಲ್ಲ ಬಿಡಿ.) ಅದೇ ಹೊತ್ತಿಗೆ ಕ್ವಾರಂಟೈನ್ ಆದವರ ಮನೆ ವಿಳಾಸಗಳ ಪಟ್ಟಿ ಸರ್ಕಾರದ ಕಡೆಯಿಂದಲೇ ಹೊರಬಿದ್ದು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತು. ಇಷ್ಟೆಲ್ಲ ನೋಡಿದವನು ತನಗೆ ಜ್ವರ ಬಂದರೆ ಬಾಯಿ ಬಿಡ್ತಾನಾ?

ಏಪ್ರಿಲ್‌ನಲ್ಲಿ ಬಂದ ಆಪ್ತಮಿತ್ರ ಸಹಾಯವಾಣಿ ನನಗೆ ಇದಕ್ಕಿಂತ ಬುದ್ಧಿವಂತ ಕೆಲಸ ಅನ್ನಿಸಿತ್ತು. 14410 ಒತ್ತಿದರೆ ಆಯ್ತು. ಬಟನ್ ಫೋನೂ ಸಾಕು, ಆ ಕಡೆ ಕನ್ನಡದಲ್ಲಿ ಮಾತಾಡೋರು ಸಿಗ್ತಿದ್ದರು.

ಆಮೇಲೆ ಕೋವಿನ್, ಅಂದರೆ ಲಸಿಕೆಗೆ ಹೆಸರು ನೋಂದಾಯಿಸೋ ಕೇಂದ್ರ ಸರ್ಕಾರದ ಜಾಲತಾಣ. ಲಸಿಕೆಯ ಲೆಕ್ಕ, ಸರ್ಟಿಫಿಕೇಟು ಎಲ್ಲ ಅಚ್ಚುಕಟ್ಟು, ಒಪ್ಪಿದೆ. ಆದರೆ 2021ರ ಮೇ ತಿಂಗಳು ನೆನಪಿದೆಯಾ? 18ರಿಂದ 44 ವರ್ಷದವರು ಆನ್‌ಲೈನ್‌ನಲ್ಲೇ ಸ್ಲಾಟ್ ಹಿಡೀಬೇಕಿತ್ತು. ಬೆಂಗಳೂರಲ್ಲಿ ಸಿಗದವರು ಸುತ್ತಲಿನ ಜಿಲ್ಲೆಗಳ ಪಿನ್‌ಕೋಡ್ ಹಾಕಿ ಹುಡುಕಿದರು. ಚಿಕ್ಕಬಳ್ಳಾಪುರದ ಕಡೆ ನಮ್ಮೂರ ಆರೋಗ್ಯ ಕೇಂದ್ರದ ಮುಂದೆ ಬೆಳಿಗ್ಗೆ ಬೆಳಿಗ್ಗೆನೇ ಕಾರುಗಳ ಸಾಲು. ಊರಿನ ಹುಡುಗರು ಗೇಟಿನ ಹೊರಗೆ. ಬಂದವರನ್ನ ಬೈಯಲ್ಲ, ಅವರಿಗೂ ಜೀವಭಯ. ಬೆರಳು ಚುರುಕಾಗಿದ್ದವರಿಗೆ ಮೊದಲು ಲಸಿಕೆ ಅಂತ ಮಾಡಿಟ್ಟ ವ್ಯವಸ್ಥೆಯನ್ನ ಬೈತೀನಿ. ಕೋವಿನ್‌ನಲ್ಲಿ ಕನ್ನಡ ಕಂಡಿದ್ದೇ ಜೂನ್‌ನಲ್ಲಿ! ಮೊದಲೇ ನೋಂದಣಿ ಆಗಿರಬೇಕು ಅನ್ನೋ ಕಡ್ಡಾಯ ಎಲ್ಲರಿಗೂ ತಪ್ಪಿದ್ದು ಜೂನ್ 21ಕ್ಕೆ, ಅದೂ ಸುಪ್ರೀಂ ಕೋರ್ಟ್ ಈ ಡಿಜಿಟಲ್ ಕಂದಕದ ಬಗ್ಗೆ ಕೇಂದ್ರವನ್ನ ಪ್ರಶ್ನಿಸಿದ ಮೇಲೆ.

ಅಷ್ಟರಲ್ಲಿ ನಮ್ಮ ಆಶಾ ಅಕ್ಕ (ಊರಿನ ಆರೋಗ್ಯ ಕಾರ್ಯಕರ್ತೆ) ತನ್ನ ಸ್ವಂತ ಫೋನು ಹಿಡ್ಕೊಂಡು ಮನೆಮನೆ ಸುತ್ತುತ್ತಿದ್ದಳು. ಕೋವಿನ್‌ನಲ್ಲಿ ಆಗ ಒಂದು ಫೋನ್ ನಂಬರಿಗೆ ನಾಲ್ಕೇ ಜನರ ನೋಂದಣಿ. ಅವಳ ಕೋಟಾ ಯಾವತ್ತೋ ಮುಗಿದಿತ್ತು.

"ಅಜ್ಜಿ, ಓಟಿಪಿ ಬಂತಾ?"

"ನಂತಾವ ಎಲ್ಲೈತವ್ವ ಫೋನು? ಮಗನ ನಂಬರ್ ಕೊಟ್ಟಿವ್ನಿ, ಅವ್ನು ಬೆಂಗ್ಳೂರಾಗವ್ನೆ."

ಮಗನಿಗೆ ಫೋನ್ ಹಚ್ಚಿದರೆ ಅವನು ಡ್ಯೂಟಿಯಲ್ಲಿ. ಅವನು ತಿರುಗಿ ಫೋನ್ ಮಾಡೋ ಹೊತ್ತಿಗೆ ಓಟಿಪಿ ಅವಧಿ ಮುಗಿದಿರುತ್ತಿತ್ತು. ಮತ್ತೆ ಮೊದಲಿಂದ.

ಮಾಹಿತಿ ಯಾರ ಕೈಗೆ ಹೋಗುತ್ತೆ ಅನ್ನೋದು ಇನ್ನೊಂದು ತಕರಾರು. ಜನರ ಒಪ್ಪಿಗೆ ಇಲ್ಲದೆ ಆರೋಗ್ಯ ಸೇತು (ಸೋಂಕಿತರ ಸಂಪರ್ಕ ಪತ್ತೆಗೆ ಕೇಂದ್ರ ತಂದ ಆ್ಯಪ್) ಮಾಹಿತಿ ಹಂಚಬೇಡಿ ಅಂತ 2021ರ ಜನವರಿಯಲ್ಲಿ ನಮ್ಮ ಹೈಕೋರ್ಟೇ ಮಧ್ಯಂತರ ಆದೇಶ ಕೊಡಬೇಕಾಯ್ತು.

2020ರ ಜುಲೈನಲ್ಲಿ, ಕೊರೊನಾ ಏರುತ್ತಿದ್ದಾಗಲೇ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಕೂತಿದ್ದರು. ಗೌರವಧನಕ್ಕೇ ಮುಷ್ಕರ ಕೂರಬೇಕಾದವರು ಸರ್ಕಾರದ ಆ್ಯಪನ್ನ ಸ್ವಂತ ಫೋನಲ್ಲಿ ನಡೆಸಬೇಕಾ? ಹಾಗಾಗಿ ಎಐ ಗೆಳೆಯರಿಗೆ ನನ್ನದೊಂದೇ ಕೋರಿಕೆ: ಮುಂದಿನ ಆ್ಯಪ್‌ಗೆ ಟೆಂಡರ್ ಕರೆಯುವಾಗ ಆಶಾ ಅಕ್ಕನ ಫೋನು ಯಾರು ಕೊಡಿಸ್ತಾರೆ, ರೀಚಾರ್ಜ್ ಯಾರು ಮಾಡಿಸ್ತಾರೆ ಅನ್ನೋದನ್ನ ಮೊದಲನೇ ಪುಟದಲ್ಲೇ ಬರೆಸಿ.