ರಟ್ಟೆ ಮೂಳೆ ಮುರಿದರೆ ಪ್ಲೇಟು ಹಾಕಿಸಲೇಬೇಕೇ?

ಪರ: ಕಟ್ಟಿಗೆ ಭುಜ ಸಿಗುವುದಿಲ್ಲ
(ಬರೆದವರು ಪಶುವೈದ್ಯೆ)

ಮೂಳೆ ಮುರಿದಾಗ ಅದರ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲ್ಲಾಡಬಾರದು. ನಮಗೆ ಕಾಲೇಜಿನಲ್ಲಿ ಮೊದಲು ಹೇಳಿಕೊಟ್ಟ ಸೂತ್ರ ಇದು. ಈಗ ನಾಯಿಯ ಮುಂಗಾಲಿಗೆ ಬನ್ನಿ. ರಟ್ಟೆ ಮೂಳೆಯ ಕೆಳಗೆ ಮೊಣಕೈ ಇದೆ, ಅದನ್ನು ಕಟ್ಟಬಹುದು. ಮೇಲಿರುವುದು ಭುಜ. ಅದು ಎದೆಗೂಡಿಗೆ ಒತ್ತಿಕೊಂಡು ಮಾಂಸದೊಳಗೆ ಹುದುಗಿದೆ. ಅಲ್ಲಿ ಕಟ್ಟು ನಿಲ್ಲುವುದಿಲ್ಲ, ಜಾರಿ ಇಳಿಯುತ್ತದೆ. ಇಳಿದು ಎಲ್ಲಿಗೆ ಬರುತ್ತದೆ ಗೊತ್ತೇ? ಸರಿಯಾಗಿ ಮುರಿದ ಜಾಗಕ್ಕೆ. ಆಮೇಲೆ ಪ್ಲಾಸ್ಟರಿನ ಭಾರವೆಲ್ಲ ಮುರಿದ ತುದಿಯಿಂದ ಗಡಿಯಾರದ ಲೋಲಕದ ಹಾಗೆ ತೂಗಾಡುತ್ತದೆ. ಕಟ್ಟದೆ ಬಿಟ್ಟಿದ್ದರೇ ವಾಸಿಯಿತ್ತು. ಬೆನ್ನು ಬಳಸಿ ಹಾಕುವ ದೊಡ್ಡ ಕಟ್ಟೂ ಒಂದಿದೆ, ಆದರೆ ಅದು ಮರಿಗಳ ಸಣ್ಣ ಬಿರುಕಿಗಷ್ಟೇ ಸಾಕು.

ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಕಲಿಸಿದವನು ಕರಿಯ.

ಕರಿಯ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ಅಜ್ಜಿಯ ನಾಯಿ. ನಾನು ಕೆಲಸಕ್ಕೆ ಸೇರಿದ ಹೊಸತು. ಆಟೋ ಗುದ್ದಿ ಮುಂಗಾಲು ಜೋತುಬಿದ್ದಿತ್ತು. ಎಕ್ಸ್‌ರೇ ತೆಗೆಸಿದರೆ ರಟ್ಟೆ ಮೂಳೆ ಅರ್ಧದಿಂದ ಕೆಳಕ್ಕೆ ಹಗ್ಗ ಹೊಸೆದಂತೆ ಓರೆಯಾಗಿ ಸೀಳಿತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಬೇಕಿತ್ತು. ನಾನು ಅಜ್ಜಿಯ ಸೀರೆ ನೋಡಿದೆ, ಬುಟ್ಟಿ ನೋಡಿದೆ. ಇವರಿಗೆಲ್ಲಿ ಆಗುತ್ತದೆ ಅಂತ ನಾನೇ ತೀರ್ಮಾನಿಸಿಬಿಟ್ಟೆ. “ಕಟ್ಟು ಹಾಕೋಣ ಅಜ್ಜಿ, ನಾಯಿ ಮೂಳೆ ಬೇಗ ಕೂಡುತ್ತೆ” ಅಂದೆ.

ಐದನೇ ದಿನ ಕಟ್ಟು ಜಾರಿತು. ಮತ್ತೆ ಹಾಕಿದೆ. ಎಂಟನೇ ದಿನ ಅವನೇ ಅರ್ಧ ಕಚ್ಚಿ ತೆಗೆದಿದ್ದ. ಮತ್ತೆ ಹಾಕಿದೆ. ಮೂರನೇ ವಾರದ ಹೊತ್ತಿಗೆ ಪಾದ ಹಿಂದಕ್ಕೆ ಮಡಚಿಕೊಂಡು, ಪಾದದ ಮೇಲ್ಭಾಗವೇ ರಸ್ತೆಗೆ ಉಜ್ಜಿ ಹುಣ್ಣಾಗಿತ್ತು. ರಟ್ಟೆ ಮೂಳೆಯನ್ನು ಸುತ್ತಿಕೊಂಡು ಇಳಿಯುವ ರೇಡಿಯಲ್ ನರ ಅಲ್ಲಾಡುವ ಚೂಪು ತುದಿಗಳ ನಡುವೆ ಸಿಕ್ಕಿ ಸೋತಿತ್ತು. ಮೂಳೆ ಕೂಡಿರಲೇ ಇಲ್ಲ. ಕೊನೆಗೆ ಕಾಲನ್ನೇ ತೆಗೆಯಬೇಕಾಯಿತು. ಅಜ್ಜಿ ಬೈಯಲಿಲ್ಲ. “ಡಾಕ್ಟ್ರಮ್ಮ, ಬೆಂಗಳೂರಿಗೆ ಹೋಗು ಅಂದಿದ್ರೆ ಎರಡು ದಿನ ಬುಟ್ಟಿ ಮುಚ್ಚಿಡ್ತಿದ್ದೆ” ಅಂದರು, ಅಷ್ಟೇ. ಕರಿಯ ಆಮೇಲೆ ಮೂರು ಕಾಲಲ್ಲೇ ಬಸ್ಸುಗಳ ಹಿಂದೆ ಓಡಿಕೊಂಡು ಸುಖವಾಗಿದ್ದ ಅನ್ನುತ್ತಾರೆ. ಅದು ಬೇರೆ ಮಾತು.

ನಾಯಿ ತನ್ನ ತೂಕದ ಸುಮಾರು ಶೇ 60ರಷ್ಟನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಆರು ವಾರ ಕಾಲೂರಬೇಡ ಎಂದು ಅದಕ್ಕೆ ಯಾರು ಹೇಳುತ್ತಾರೆ? ಒಳಗೆ ಪ್ಲೇಟು ಕೂತರೆ, ಅಥವಾ ಮಜ್ಜೆಯೊಳಗೆ ರಾಡು ಇಳಿಸಿ ಜೊತೆಗೊಂದು ಪ್ಲೇಟು ಬಿಗಿದರೆ, ಹೇಳುವ ಅಗತ್ಯವೇ ಇಲ್ಲ. ನರವನ್ನು ಹುಡುಕಿ, ಪಕ್ಕಕ್ಕೆ ಸರಿಸಿಕೊಂಡು, ಜೋಪಾನವಾಗಿ ಮಾಡಬೇಕು, ನಿಜ. ಸೋಫಾದಿಂದ ಹಾರಿ ಮೊಣಕೈ ಹೊರಗಡೆಯ ಗೆಣ್ಣು ಕಿತ್ತುಕೊಂಡು ಬರುವ ಪುಟ್ಟ ತಳಿಯ ಮರಿಗಳಿಗಂತೂ ಬೇರೆ ದಾರಿಯೇ ಇಲ್ಲ. ಅಲ್ಲಿ ಮುರಿದಿರುವುದು ಕೀಲಿನ ನುಣುಪು ಮೈ. ಅದನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಕೂಡಿಸಿ ಅಡ್ಡಕ್ಕೆ ಸ್ಕ್ರೂ ಬಿಗಿಯಬೇಕು.

ಮಾಂಜಾ ದಾರಕ್ಕೆ ಸಿಕ್ಕಿ ಬೀಳುವ ಹದ್ದುಗಳ ಕಥೆ ಇನ್ನೂ ಸೂಕ್ಷ್ಮ. ಅವುಗಳ ರಟ್ಟೆ ಮೂಳೆ ಟೊಳ್ಳು. ಅದರೊಳಗಿನ ಗಾಳಿ ಉಸಿರಿನ ಚೀಲಗಳಿಗೇ ಸೇರಿಕೊಂಡಿದೆ. ತೆರೆದ ಗಾಯವನ್ನು ನೀರು ಹಾಕಿ ತೊಳೆಯಹೋದರೆ ಹಕ್ಕಿ ನಮ್ಮ ಕೈಯಲ್ಲೇ ಮುಳುಗಿ ಸತ್ತೀತು. ರೆಕ್ಕೆಯನ್ನು ಮೈಗೆ ಸುತ್ತಿ ಕಟ್ಟಿದರೆ ಮೂಳೆ ಮೂರು ವಾರದಲ್ಲಿ ಕೂಡುತ್ತದೆ. ಆದರೆ ಕೊಂಚ ತಿರುಚಿ ಕೂಡಿದರೂ ಅದು ಹಾರುವ ಹದ್ದಲ್ಲ, ಪಂಜರದ ಹದ್ದು.

ಮನುಷ್ಯರ ಡಾಕ್ಟರು ಇದರ ಕೆಳಗೆ ಏನು ಬರೆಯುತ್ತಾರೆಂದು ಊಹಿಸಬಲ್ಲೆ. ಕೈಯನ್ನು ಜೋಳಿಗೆಗೆ ಹಾಕಿ ಮನೆಗೆ ಹೋಗಿ, ಮಿಕ್ಕದ್ದು ದೇವರ ಚಿತ್ತ. ಅವರ ಕ್ಷೇತ್ರದ್ದೇ ಒಂದು ಲೆಕ್ಕ ಕೊಡುತ್ತೇನೆ. 2020ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ ರಟ್ಟೆ ಮೂಳೆ ಮುರಿದು, ಆಪರೇಷನ್ ಬದಲು ಬ್ರೇಸ್ (ರಟ್ಟೆಯ ಸುತ್ತ ಬಿಗಿಯುವ ಕವಚ) ಹಾಕಿಸಿಕೊಂಡವರ ಪೈಕಿ ಶೇ 30ರಷ್ಟು ಜನ ವರ್ಷದೊಳಗೆ ಟೇಬಲ್ ಮೇಲೆ ಮಲಗಿದ್ದರು. ನನ್ನ ಕರಿಯನೂ ಹಾಗೇ ಮಲಗಿದ್ದ, ತಡವಾಗಿ.

ವಿರೋಧ: ತೋಳಿಗೆ ಕ್ಷಮಾಗುಣವಿದೆ
(ಬರೆದವರು ಮೂಳೆ ತಜ್ಞರು)

ಸಂಪಾದಕರು ನನಗೆ ಈ ಕಡೆಯನ್ನು ಕೊಟ್ಟಿದ್ದು ತಮಾಷೆಗೋ ಏನೋ. ರಟ್ಟೆ ಮೂಳೆಗೆ ಪ್ಲೇಟು ಹಾಕುವುದು ನನ್ನ ಹೊಟ್ಟೆಪಾಡು. ಈ ಕಡೆ ನಿಂತರೆ ಪಕ್ಕದಲ್ಲಿ ಯಾರು ಬಂದು ನಿಲ್ಲುತ್ತಾರೆ ಎಂಬ ಮುಜುಗರವೂ ಇದೆ. ತಿರುಪತಿ ಹತ್ತಿರದ ಪುತ್ತೂರಿನ ನಾಟಿ ಕಟ್ಟು ಹಾಕಿಸಿಕೊಂಡು ಬಂದವರನ್ನು ನಮ್ಮಲ್ಲಿ ಎಲ್ಲರೂ ನೋಡಿದ್ದೇವೆ. ಯಾರೇ ಹಾಕಲಿ, ಬಿದಿರು ದಬ್ಬೆಯನ್ನು ಅತಿಯಾಗಿ ಬಿಗಿದರೆ ಮಕ್ಕಳ ಕೈಗೆ ರಕ್ತ ಹರಿಯದೆ ಬೆರಳುಗಳು ಶಾಶ್ವತವಾಗಿ ಮುದುಡಿಕೊಳ್ಳುತ್ತವೆ. ಮಕ್ಕಳ ಮೊಣಕೈ ಮೇಲೆ ಮುರಿದು ಸರಿದಿದ್ದರೆ ತಂತಿ ಹಾಕಲೇಬೇಕು. ಅದನ್ನು ಈ ವಾದದಿಂದ ಹೊರಗಿಡುತ್ತೇನೆ. ನಾಯಿ, ಹದ್ದುಗಳನ್ನು ಬಲ್ಲವರಿಗೇ ಬಿಡುತ್ತೇನೆ. ನಮ್ಮ ರೋಗಿ ಎರಡು ಕಾಲಲ್ಲಿ ನಡೆಯುತ್ತಾನೆ, ಹೇಳಿದರೆ ಕೇಳುತ್ತಾನೆ, ಕೆಲವೊಮ್ಮೆ.

ಭುಜದಷ್ಟು ಎಲ್ಲ ಕಡೆ ತಿರುಗುವ ಕೀಲು ಮೈಯಲ್ಲಿ ಇನ್ನೊಂದಿಲ್ಲ. ಹಾಗಾಗಿ ಅದರ ಕೆಳಗಿನ ಮೂಳೆ ಸ್ವಲ್ಪ ಸೊಟ್ಟ ಕೂಡಿದರೂ ಭುಜ ಸರಿದೂಗಿಸಿಕೊಳ್ಳುತ್ತದೆ. ಹಿಂದೆ-ಮುಂದೆ 20 ಡಿಗ್ರಿ, ಪಕ್ಕಕ್ಕೆ 30 ಡಿಗ್ರಿ ಬಾಗಿದರೂ, 3 ಸೆಂಟಿಮೀಟರ್ ಗಿಡ್ಡವಾದರೂ ನಡೆಯುತ್ತದೆ ಎಂಬುದು ನಮ್ಮ ಹಳೆಯ ಲೆಕ್ಕ. ಕಾಲಿನ ಮೂಳೆ ಹೀಗೆ ಕೂಡಿದರೆ ಕುಂಟುತ್ತೀರಿ. ತೋಳಾದರೆ ಅಂಗಿಯ ಕೈ ಮುಚ್ಚಿಡುತ್ತದೆ.

ಅಮೆರಿಕದ ಆಗಸ್ಟೋ ಸಾರ್ಮಿಯೆಂಟೊ 1977ರಲ್ಲಿ ಬಳಕೆಗೆ ತಂದ ಬ್ರೇಸ್ ನಿಂತಿರುವುದು ಇದರ ಮೇಲೆಯೇ. ಮೊದಲ ಬಾವು ಇಳಿದ ಮೇಲೆ ರಟ್ಟೆಯ ಸುತ್ತ ಪ್ಲಾಸ್ಟಿಕ್ ಕವಚ ಹಾಕಿ, ದಿನಾ ಪಟ್ಟಿ ಬಿಗಿ ಮಾಡಿಕೊಳ್ಳಬೇಕು. ಒಳಗಿನ ಸ್ನಾಯುಗಳೇ ಅಮುಕಿ ಹಿಡಿಯುತ್ತವೆ, ಕೈಯ ಭಾರ ನೆಟ್ಟಗೆ ಎಳೆಯುತ್ತದೆ, ಮೊಣಕೈ ಮಡಚುತ್ತಿರಬಹುದು. ಅವರು 2000ದಲ್ಲಿ ಪ್ರಕಟಿಸಿದ ಸರಣಿಯಲ್ಲಿ 922 ರೋಗಿಗಳಿದ್ದರು. ಕೊನೆಯವರೆಗೆ ಗಮನಿಸಲು ಸಿಕ್ಕಿದವರು 620. ಚರ್ಮ ಸೀಳದ ಮುರಿತದಲ್ಲಿ ಕೂಡದೆ ಉಳಿದದ್ದು ಶೇ 2ಕ್ಕಿಂತ ಕಡಿಮೆ. ಭುಜದ ಬುಡದಲ್ಲಿ ಮುರಿದ 250 ಜನರ ಬ್ರಿಟನ್ ಅಧ್ಯಯನದಲ್ಲಿ (2015) ಎರಡು ವರ್ಷದ ಕೊನೆಗೆ ಕೊಯ್ದವರಿಗೂ ಸ್ಲಿಂಗ್ ಹಾಕಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಫಿನ್ಲೆಂಡಿನಲ್ಲೂ 82 ಜನರನ್ನು ಹೋಲಿಸಿದಾಗ ವರ್ಷದ ಕೊನೆಗೆ ಕೊಯ್ದವರೂ ಬ್ರೇಸ್ ಹಾಕಿದವರೂ ಸಮಸಮ. ಕೆಲವರು ನಡುವೆ ಮನಸ್ಸು ಬದಲಿಸಿದರು. ಎಲ್ಲ ಅಧ್ಯಯನಗಳಲ್ಲೂ ಅದು ಇದ್ದದ್ದೇ.

ಅಂಕಿ ಬಿಟ್ಟು ಒಬ್ಬ ಮನುಷ್ಯನನ್ನು ಹೇಳುತ್ತೇನೆ. ಮಲೆನಾಡಿನ ಕೊನೆಗಾರ, ಅಂದರೆ ಅಡಿಕೆ ಗೊನೆ ಇಳಿಸುವವನು. ಆಷಾಢದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವನು ಜಾರಿ ಬಿದ್ದ. ರಟ್ಟೆ ನಡುವೆ ಮುರಿದಿತ್ತು, ಮಣಿಕಟ್ಟು ಜೋತು ಬಿದ್ದಿತ್ತು, ಅಂದರೆ ನರಕ್ಕೂ ಪೆಟ್ಟಾಗಿತ್ತು. ನನ್ನ ಕೈ ತುರಿಸಿತು. ಅವನು ಒಪ್ಪಲಿಲ್ಲ. “ಬ್ಯಾಡ ಡಾಕ್ಟ್ರೇ, ಒಳಗೆ ಕಬ್ಬಿಣ ಇಟ್ಕಂಡು ನಾನೇನ್ ಮಾಡ್ಲಿ” ಅಂದ. ಇಂಥ ನರ ಹೆಚ್ಚಿನವರಲ್ಲಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ ಎಂದು ನಾನೇ ವಿದ್ಯಾರ್ಥಿಗಳಿಗೆ ಹೇಳುವವನು, ಆದರೂ ಅವನನ್ನು ಕಳಿಸಿದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅವನಿಗೂ ಬಂದಿರಲಿಕ್ಕಿಲ್ಲ. ಬ್ರೇಸ್ ಹಾಕಿದವರು ಮೊದಲ ಕೆಲವು ವಾರ ಒರಗಿ ಕೂತೇ ಮಲಗಬೇಕು. ಈ ಕಷ್ಟವನ್ನು ನಮ್ಮವರು ಮೊದಲೇ ಹೇಳುವುದು ಕಡಿಮೆ.

ನರ ಚಿಗುರುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ದೀಪಾವಳಿ ಕಳೆದು ಬಂದವನು ಮೇಜಿನ ಮೇಲೆ ಅಂಗೈ ಊರಿ, ನಿಧಾನಕ್ಕೆ ಮಣಿಕಟ್ಟು ಎತ್ತಿ ತೋರಿಸಿದ. ಎಕ್ಸ್‌ರೇಯಲ್ಲಿ ಮೂಳೆ ಕೂಡಿತ್ತು, ತುಸು ಸೊಟ್ಟ.

ನಾಳೆ ಬೆಳಿಗ್ಗೆ ನನಗೆ ಒಂದು ರಟ್ಟೆಗೆ ಪ್ಲೇಟು ಹಾಕುವುದಿದೆ. ಆ ಹುಡುಗನ ಕಾಲೂ ಮುರಿದಿದೆ, ಊರುಗೋಲು ಹಿಡಿಯಲು ಗಟ್ಟಿ ಕೈ ಬೇಕು. ಅವನಿಗೆ ಬ್ರೇಸ್ ಹೇಳುವಷ್ಟು ನಾನು ಈ ಪಕ್ಷದವನಲ್ಲ. ಕೊನೆಗಾರ ಮತ್ತೆ ಮರ ಹತ್ತಲಿಲ್ಲ, ಹೆಂಡತಿ ಬಿಡಲಿಲ್ಲ. ಈಗ ಕಾರ್ಬನ್ ದೋಟಿ ಹಿಡಿದು ನೆಲದಲ್ಲೇ ನಿಂತು ಕೊನೆ ಇಳಿಸುತ್ತಾನೆ. ದಿನವಿಡೀ ಎರಡೂ ಕೈ ತಲೆಯ ಮೇಲೆ.